ಎಕ್ಸಾಸ್ಟ್ ಬ್ರೇಕಿನ ಸದ್ದು ಬದಲಾದರೆ ದೋಷ ಹುಡುಕುವುದೆಲ್ಲಿ?

ಡೀಸೆಲ್ ವಾಹನದ ಎಕ್ಸಾಸ್ಟ್ ಬ್ರೇಕ್ ಸದ್ದಿಲ್ಲದೆ ಕೆಲಸ ಮಾಡುವ ಸಾಧನವಲ್ಲ. ಸದ್ದು ಬರುವುದು ಸಹಜ. ಆದರೆ ನಿನ್ನೆಯವರೆಗೆ ಕೇಳದಿದ್ದ ಸದ್ದೊಂದು ಇಂದು ಕೇಳಿಬಂದರೆ ಅದನ್ನು ಅಲಕ್ಷಿಸುವಂತಿಲ್ಲ. ಇಳಿಜಾರಿನಲ್ಲಿ ಭಾರ ಹೊತ್ತ ವಾಹನವನ್ನು ಹಿಡಿದಿಡುವ ಹೊಣೆಯ ದೊಡ್ಡ ಪಾಲು ಈ ಬ್ರೇಕಿನದು. ಅದು ಕೈಕೊಟ್ಟರೆ ಪೂರ್ತಿ ಭಾರ ಚಕ್ರಗಳ ಬ್ರೇಕಿನ ಮೇಲೆ ಬೀಳುತ್ತದೆ. ಅತಿಯಾಗಿ ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ.

ನಮ್ಮಲ್ಲಿ ಎಕ್ಸಾಸ್ಟ್ ಬ್ರೇಕ್ ಎಂದರೆ ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಇಳಿಯುವ ಲಾರಿ, ಬಸ್ಸುಗಳ ನೆನಪಾಗುತ್ತದೆ. ನಮ್ಮ ರಸ್ತೆಗಳ ಸಣ್ಣ ಪಿಕಪ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅಮೆರಿಕದ ಭಾರೀ ಡೀಸೆಲ್ ಪಿಕಪ್‌ಗಳು ಟನ್‌ಗಟ್ಟಲೆ ತೂಕದ ಟ್ರೇಲರ್ ಎಳೆದು ಬೆಟ್ಟ ಇಳಿಯಬೇಕಾಗುವುದರಿಂದ ಅಲ್ಲಿ ಇದು ಅಗತ್ಯವೇ ಆಗಿಬಿಟ್ಟಿದೆ. 2007ರಲ್ಲಿ ಡಾಡ್ಜ್ ರಾಮ್ ಪಿಕಪ್‌ಗೆ ಬಂದ 6.7 ಲೀಟರಿನ ಕಮಿನ್ಸ್ ಎಂಜಿನ್‌ನಲ್ಲಿ ಈ ಬ್ರೇಕು ಟರ್ಬೊದೊಳಗೇ ಸೇರಿಕೊಂಡಿತು.

ಇದರ ಕಾರ್ಯವಿಧಾನ ತಿಳಿಯದೆ ಸದ್ದಿನ ಮೂಲ ಸಿಗದು. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಗಾಳಿಯ ದಾರಿ ಮುಚ್ಚಿ ಎಂಜಿನ್ನೇ ಸ್ವಲ್ಪಮಟ್ಟಿಗೆ ವೇಗ ತಡೆಯುತ್ತದೆ. ಡೀಸೆಲ್ ಎಂಜಿನ್‌ಗೆ ಆ ಗುಣ ಅತ್ಯಲ್ಪ. ಹಾಗಾಗಿ ಹೊಗೆ ಹೊರಹೋಗುವ ದಾರಿಯನ್ನೇ ಕಿರಿದುಗೊಳಿಸಲಾಗುತ್ತದೆ. ಪಿಸ್ಟನ್‌ಗಳು ಆ ಒತ್ತಡದ ವಿರುದ್ಧ ಗಾಳಿಯನ್ನು ದೂಡಬೇಕಾಗಿ ಬಂದು ವಾಹನ ನಿಧಾನಗೊಳ್ಳುತ್ತದೆ. ಹಳೆಯ ಮಾದರಿಯಲ್ಲಿ ಕೊಳವೆಯ ನಡುವೆ ಚಿಟ್ಟೆಯಾಕಾರದ ಮುಚ್ಚಳವಿರುತ್ತದೆ; ಹೊಸದರಲ್ಲಿ ಟರ್ಬೊದೊಳಗಿನ ಉಂಗುರವೊಂದು ಸರಿದು ದಾರಿಯನ್ನು ಇಕ್ಕಟ್ಟಾಗಿಸುತ್ತದೆ.

ಇದನ್ನೇ ಜೇಕ್ ಬ್ರೇಕ್ ಎಂದು ಭಾವಿಸುವವರೂ ಇದ್ದಾರೆ. ಅದು ಬೇರೆ. 1931ರಲ್ಲಿ ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯಲ್ಲಿ ಬ್ರೇಕ್ ಸೋತ ಟ್ರಕ್ಕಿನಲ್ಲಿದ್ದ ಕ್ಲೆಸಿ ಕಮಿನ್ಸ್, ರೈಲೊಂದಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾದರು. ಅದರ ಫಲವಾಗಿ ರೂಪುಗೊಂಡು 1961ರಲ್ಲಿ ಮಾರುಕಟ್ಟೆಗೆ ಬಂದ ಆ ಬ್ರೇಕು ಎಕ್ಸಾಸ್ಟ್ ವಾಲ್ವನ್ನೇ ತೆರೆದು ಕೆಲಸ ಮಾಡುತ್ತದೆ. ಪಟಪಟನೆ ಸಿಡಿಯುವ ಅದರ ಸದ್ದಿಗೆ ಬೇಸತ್ತು ಅಮೆರಿಕದ ಹಲವು ಊರುಗಳು ನಿಷೇಧದ ಫಲಕ ಹಾಕಿವೆ. ಎಕ್ಸಾಸ್ಟ್ ಬ್ರೇಕಿನದು ಅಂಥ ಅಬ್ಬರವಲ್ಲ. ಗಾಳಿ ಬಿಗಿಹಿಡಿದು ಹೊರನುಗ್ಗುವಂಥ ಮೊರೆತ, ಟರ್ಬೊ ಮಾದರಿಯಲ್ಲಿ ತೆಳುವಾದ ಸಿಳ್ಳೆ. ಚಳಿಯ ಬೆಳಗಿನಲ್ಲಿ ರಾಮ್ ಪಿಕಪ್ ನಿಂತಲ್ಲೇ ಹೀಗೆ ಸದ್ದು ಮಾಡಿದರೂ ಗಾಬರಿ ಬೇಡ. ಬ್ರೇಕ್ ಸ್ವಿಚ್ ಆನ್ ಇದ್ದಾಗ ಎಂಜಿನ್ ಬೇಗ ಬಿಸಿಯಾಗಲೆಂದು ಆ ಉಂಗುರ ದಾರಿಯನ್ನು ಕಿರಿದಾಗಿಸುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆ ಗ್ಯಾರೇಜಿನಲ್ಲಲ್ಲ, ರಸ್ತೆಯಲ್ಲಿ. ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ಎಕ್ಸಾಸ್ಟ್ ಬ್ರೇಕ್ ಸ್ವಿಚ್ಚನ್ನು ನಾಲ್ಕಾರು ಸಲ ಹಾಕಿ, ತೆಗೆದು ನೋಡಬೇಕು. ಸದ್ದು ಸ್ವಿಚ್ಚಿನೊಂದಿಗೆ ಬಂದು ಹೋದರೆ ದೋಷ ಹೊಗೆಯ ದಾರಿಯಲ್ಲಿದೆ. ಸ್ವಿಚ್ ಆಫ್ ಇದ್ದರೂ ಸದ್ದು ಮುಂದುವರಿದರೆ ಗೇರ್‌ಬಾಕ್ಸ್, ಚಕ್ರದ ಬೇರಿಂಗ್ ಅಥವಾ ಬ್ರೇಕ್ ಪ್ಯಾಡ್ ಕಡೆ ನೋಡಬೇಕಾಗುತ್ತದೆ. ಈ ಸರಳ ಪರೀಕ್ಷೆ ಮಾಡದೆ ಟರ್ಬೊ ಬದಲಿಸಿ, ಹಣ ಕಳೆದುಕೊಂಡು, ಅದೇ ಸದ್ದಿನೊಂದಿಗೆ ಮನೆಗೆ ಮರಳುವ ಸಾಧ್ಯತೆ ಇಲ್ಲದಿಲ್ಲ.

ಬ್ರೇಕ್ ಹಾಕಿದಾಗ ಮಾತ್ರ ಹಕ್ಕಿ ಚಿಲಿಪಿಲಿಗುಟ್ಟಿದಂತೆಯೋ ಹಾವು ಬುಸುಗುಟ್ಟಿದಂತೆಯೋ ಕೇಳಿಸಿದರೆ ಮೊದಲ ಅನುಮಾನ ಸೋರಿಕೆಯ ಮೇಲೆ. ಸಾಮಾನ್ಯ ಓಟದಲ್ಲಿ ಗುರುತಿಗೆ ಬಾರದ ಸಣ್ಣ ಸೋರಿಕೆ, ಒತ್ತಡ ಏರಿದಾಗ ಬಾಯಿ ಬಿಡುತ್ತದೆ. ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಕಾದ ಮೇಲೆ ಕಡಿಮೆಯಾದರೆ ಅನುಮಾನ ಇನ್ನಷ್ಟು ಗಟ್ಟಿ. ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಿರುತ್ತದೆ. ಆರು ಸಿಲಿಂಡರುಗಳು ಸಾಲಾಗಿರುವ ಕಮಿನ್ಸ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉದ್ದನೆಯದು. ಕಾದು ತಣಿದು ಅದು ಹಿಗ್ಗುವಾಗ, ಕುಗ್ಗುವಾಗ ಎರಡು ತುದಿಗಳ ಬೋಲ್ಟುಗಳ ಮೇಲೆ ಹೆಚ್ಚು ಎಳೆತ ಬೀಳುತ್ತದೆ. ಬೋಲ್ಟ್ ಮುರಿದ ಕಡೆ, ಗ್ಯಾಸ್ಕೆಟ್ ಹೋದ ಕಡೆ ಕಪ್ಪು ಮಸಿಯ ಗೆರೆ ಸಾಕ್ಷಿ ನುಡಿಯುತ್ತದೆ. ಎಂಜಿನ್ ನಿಲ್ಲಿಸಿ, ಪೂರ್ತಿ ತಣಿದ ಮೇಲೆಯೇ ಟಾರ್ಚ್ ಹಿಡಿದು ನೋಡುವುದು ಕ್ಷೇಮ. ಸೈಲೆನ್ಸರ್ ತುದಿಯಿಂದ ಕಡಿಮೆ ಒತ್ತಡದ ಗಾಳಿ ಬಿಟ್ಟು ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವುದರಿಂದಲೂ ಜಾಗ ಪತ್ತೆಯಾಗುತ್ತದೆ.

ಗಲಗಲ ಎಂಬ ತಗಡಿನ ಸದ್ದಾದರೆ ಶಾಖ ತಡೆಯುವ ತಗಡು ಸಡಿಲಾಗಿರಬಹುದು. ಕ್ಲಾಂಪ್ ಬಿಗಿ ಮಾಡಿದರೆ ಮುಗಿಯಿತು. ಚಿಟ್ಟೆ ಮುಚ್ಚಳದ ಮಾದರಿಯಲ್ಲಿ ಅದರ ಶಾಫ್ಟ್ ಸವೆದಿದ್ದರೂ ಇದೇ ಬಗೆಯ ಸದ್ದು ಬರುವುದುಂಟು.

ಎಲ್ಲಕ್ಕಿಂತ ಗಂಭೀರವಾದುದು, ಹೆಚ್ಚಿನ ಆರ್‌ಪಿಎಂನಲ್ಲಿ ಬ್ರೇಕ್ ಹಾಕಿದಾಗ ಎಂಜಿನ್ನಿನೊಳಗಿಂದ ಬರುವ ಲೋಹದ ಕಟಕಟ ಸದ್ದು. ಹಿಂದೊತ್ತಡ ಮಿತಿ ಮೀರಿ, ವಾಲ್ವ್ ಸ್ಪ್ರಿಂಗಿನ ಬಲವನ್ನು ಸೋಲಿಸಿ, ಮುಚ್ಚಿರಬೇಕಾದ ಎಕ್ಸಾಸ್ಟ್ ವಾಲ್ವನ್ನು ಎತ್ತಿ ಮತ್ತೆ ಬಡಿಯುತ್ತಿದೆ ಎಂದು ಅದರ ಅರ್ಥವಿರಬಹುದು. ಹಳೆಯ 12 ವಾಲ್ವಿನ 5.9 ಲೀಟರ್ ಕಮಿನ್ಸ್‌ಗೆ ಈ ಬ್ರೇಕನ್ನು ಹೊರಗಿನಿಂದ ಜೋಡಿಸುವಾಗ ಗಡಸು ಸ್ಪ್ರಿಂಗ್ ಹಾಕಬೇಕೆನ್ನುವುದು ಇದೇ ಕಾರಣಕ್ಕೆ. ಈ ಸದ್ದು ಕೇಳಿದ ಮೇಲೆ ಮೆಕ್ಯಾನಿಕ್ ಒತ್ತಡ ಅಳೆದು ನೋಡುವವರೆಗೆ ಆ ಸ್ವಿಚ್ ಮುಟ್ಟಬಾರದು.

ಸದ್ದು ಮಾಯವಾಗುವುದೂ ಒಂದು ಲಕ್ಷಣವೇ. ಎಂದಿನ ಮೊರೆತ ಕ್ಷೀಣಿಸಿ ಹಿಡಿತವೂ ತಗ್ಗಿದರೆ, ಟರ್ಬೊದೊಳಗಿನ ಉಂಗುರ ಮಸಿ ಕಟ್ಟಿ ಸಿಕ್ಕಿಕೊಂಡಿರಬಹುದು. ಭಾರವಿಲ್ಲದೆ, ಊರೊಳಗೆ ಮಾತ್ರ ಓಡುವ ವಾಹನಕ್ಕೆ ಈ ಕಾಟ ಹೆಚ್ಚು. ಬ್ರೇಕನ್ನು ಆಗಾಗ ಬಳಸುತ್ತಿದ್ದರೆ ಉಂಗುರ ಸರಿದಾಡಿ ಮಸಿ ಗಟ್ಟಿಯಾಗುವುದು ತಪ್ಪುತ್ತದೆ. ಸ್ಕ್ಯಾನರ್ ಜೋಡಿಸಿದರೆ ಉಂಗುರ ಸರಿಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಶುಚಿಗೊಳಿಸಿದರೆ ಸಾಕೋ, ಟರ್ಬೊ ಬದಲಿಸಬೇಕೋ ಎಂಬುದು ಆಮೇಲಿನ ಮಾತು.

ಇಳಿಜಾರಿನ ನಡುವೆಯೇ ಹೊಸ ಸದ್ದು ಕೇಳಿದರೆ, ವೇಗ ಏರುವ ಮೊದಲೇ ಚಕ್ರದ ಬ್ರೇಕಿನಿಂದ ವೇಗ ತಗ್ಗಿಸಿ ಕೆಳಗಿನ ಗೇರಿಗೆ ಇಳಿಯಬೇಕು. ಜಾಗ ಸಿಕ್ಕೊಡನೆ ವಾಹನ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಬೇಕು. ಅಂಥ ಜಾಗದಲ್ಲಿ ವಾಹನದ ಕೆಳಗೆ ಇಣುಕುವ ಕೆಲಸ ಬೇಡ.