ಮಾವಿನ ಮರಕ್ಕೆ ಹಾಕುವ ‘ಕಲ್ಟಾರ್’ ಹಣ್ಣನ್ನು ವಿಷ ಮಾಡುತ್ತದೆಯೇ?

ಮಾವಿನ ಸೀಸನ್ ಬಂತೆಂದರೆ ವಾಟ್ಸಾಪ್‌ನಲ್ಲಿ ಇಂಥ ಸಂದೇಶಗಳು ಶುರು: ಮರದ ಬುಡಕ್ಕೆ ‘ಕಲ್ಟಾರ್’ ಸುರಿದು ಕಾಯಿ ಬಿಡಿಸುತ್ತಾರೆ, ಆ ಹಣ್ಣು ತಿಂದರೆ ವಿಷ ತಿಂದಂತೆ! ಜೊತೆಗೆ ಕಾರ್ಬೈಡ್ ಹೆಸರನ್ನೂ ಸೇರಿಸಿರುತ್ತಾರೆ. ಎರಡೂ ಬೇರೆ ಬೇರೆ. ಕಾರ್ಬೈಡ್ ಬಳಸುವುದು ಕಿತ್ತ ಕಾಯನ್ನು ಹಣ್ಣು ಮಾಡಲು. ಅದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ಕಲ್ಟಾರ್ ಎಂಬುದು ಮರ ಹೂ ಬಿಡುವ ತಿಂಗಳುಗಳ ಮೊದಲೇ ಮಣ್ಣಿಗೆ ಹಾಕುವ, ಬೆಳವಣಿಗೆ ತಗ್ಗಿಸುವ ಔಷಧ.

ಅದರಲ್ಲಿರುವುದು ಪ್ಯಾಕ್ಲೊಬ್ಯುಟ್ರಜೋಲ್. ಗಿಡದ ಕಾಂಡ ಉದ್ದವಾಗಲು ಜಿಬ್ಬರೆಲಿನ್ ಎಂಬ ಹಾರ್ಮೋನು ಬೇಕು. ಈ ಔಷಧ ಅದರ ತಯಾರಿಯನ್ನೇ ತಡೆಯುತ್ತದೆ. ಚಿಗುರುವುದು ಕಡಿಮೆಯಾದ ಮಾವು ಹೂವಿನತ್ತ ತಿರುಗುತ್ತದೆ. ಬಾದಾಮಿಯಂಥ ತಳಿ ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ಕೈಕೊಡುತ್ತದಲ್ಲ, ಆ ಖಾಲಿ ವರ್ಷ ತಪ್ಪಿಸಲೆಂದೇ ರೈತರು ಇದನ್ನು ಹಾಕುವುದು. ನರ್ಸರಿಯ ಕುಂಡದಲ್ಲಿ ಸೇವಂತಿಗೆ ಗಿಡ್ಡವಾಗಿ, ಒತ್ತಾಗಿ ನಿಂತಿರುವುದಕ್ಕೂ ಅನೇಕ ಸಲ ಇಂಥದೇ ಔಷಧ ಕಾರಣ. ಮನೆಗೆ ತಂದ ಮೇಲೆ ಅದು ಉದ್ದುದ್ದ ಬೆಳೆದರೆ ನಿಮ್ಮ ಆರೈಕೆಯ ತಪ್ಪೇ ಆಗಿರಬೇಕಿಲ್ಲ, ಔಷಧದ ಪ್ರಭಾವ ಮುಗಿದಿರಬಹುದು.

ಇನ್ನು ಹಣ್ಣಿನ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ಇದನ್ನು ಬುಡದ ಸುತ್ತ ಮಣ್ಣಿಗೆ ಹಾಕುತ್ತಾರೆ, ಹಣ್ಣು ಬರುವುದು ಬೇಸಿಗೆಗೆ. ಶಿಫಾರಸಿನ ಪ್ರಮಾಣ ಮೀರದಿದ್ದರೆ ಬಲಿತ ಹಣ್ಣಿನಲ್ಲಿ ಉಳಿಯುವ ಅಂಶ ಅತ್ಯಲ್ಪ. ಹಾಗಾಗಿ ‘ವಿಷದ ಹಣ್ಣು’ ಎಂಬ ಮಾತಿಗೆ ಆಧಾರವಿಲ್ಲ.

ನಿಜವಾದ ಚಿಂತೆ ಮರದ್ದು, ಮಣ್ಣಿನದ್ದು. ಮರದ ಹರವಿನ ಅಗಲ ಅಳೆದು, ಪ್ರತಿ ಮೀಟರಿಗೆ ಸುಮಾರು 3 ಮಿ.ಲೀ. ಲೆಕ್ಕದಲ್ಲಿ ನೀರಿಗೆ ಬೆರೆಸಿ ಹಾಕಬೇಕು. 8 ಮೀಟರ್ ಹರವಿದ್ದರೆ 24 ಮಿ.ಲೀ., ಅಷ್ಟೇ. ಆದರೆ ಒಂದೆರಡು ವರ್ಷಕ್ಕೆ ತೋಟ ಹಿಡಿದ ಗುತ್ತಿಗೆದಾರನಿಗೆ ಬೇಕಿರುವುದು ಈ ಸಲದ ಫಸಲು. ಅಳತೆ ಬಿಟ್ಟು ಸುರಿದರೆ ಚಿಗುರು ಕುಳ್ಳಾಗಿ ಮುದುಡುತ್ತದೆ, ಹೂಗೊಂಚಲು ಗಂಟುಗಟ್ಟಿದಂತಾಗುತ್ತದೆ, ಮರ ಸೊರಗುತ್ತದೆ. ಪ್ಯಾಕ್ಲೊಬ್ಯುಟ್ರಜೋಲ್ ಮಣ್ಣಿನಲ್ಲಿ ಬೇಗ ಕರಗಿ ಹೋಗುವುದೂ ಇಲ್ಲ. ಪ್ರತಿವರ್ಷ ಸುರಿದರೆ ಹಿಂದಿನದರ ಮೇಲೆ ಇಂದಿನದೂ ಸೇರುತ್ತದೆ. ಗುತ್ತಿಗೆದಾರ ಹೋಗುತ್ತಾನೆ, ಮರ ಮಾಲೀಕನ ಪಾಲಿಗೆ ಉಳಿಯುತ್ತದೆ.

ತೋಟ ಗುತ್ತಿಗೆಗೆ ಕೊಡುವವರು ಯಾವ ತಿಂಗಳು, ಮರಕ್ಕೆ ಎಷ್ಟು ಹಾಕಬಹುದು ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಎಳೆಯ ಮರಕ್ಕೂ ಸೊರಗಿದ ಮರಕ್ಕೂ ಇದು ಬೇಡವೇ ಬೇಡ. ಔಷಧ ಬಿದ್ದ ಮರದಡಿ ತರಕಾರಿ ಬೆಳೆಯಬೇಡಿ, ಅದರ ಬೇರೂ ಅದೇ ಮಣ್ಣಿನಿಂದ ಹೀರುತ್ತದೆ.