ರಾಕೇಶ್ ಶರ್ಮಾ: ಮಿಗ್‌ನಿಂದ ಸೋಯುಜ್‌ಗೆ

1949ರಲ್ಲಿ ಪಟಿಯಾಲಾದಲ್ಲಿ ಹುಟ್ಟಿದ ರಾಕೇಶ್ ಶರ್ಮಾ 1970ರಲ್ಲಿ ವಾಯುಪಡೆಯ ಪೈಲಟ್ ಆದರು. ಮರುವರ್ಷವೇ ಪಾಕಿಸ್ತಾನದೊಂದಿಗೆ ಯುದ್ಧ. ಮಿಗ್-21 ಹಾರಿಸುತ್ತ 21 ಕಾರ್ಯಾಚರಣೆಗಳಿಗೆ ಹೋದಾಗ ಅವರಿಗಿನ್ನೂ 22 ವರ್ಷ.

1984ರ ಏಪ್ರಿಲ್ 3ರಂದು ಬೈಕನೂರಿನಿಂದ ಸೋಯುಜ್ ಟಿ-11 ನೌಕೆಯಲ್ಲಿ ಸೋವಿಯತ್ ಯಾತ್ರಿಗಳಾದ ಯೂರಿ ಮಾಲಿಷೆವ್, ಗೆನ್ನಾಡಿ ಸ್ಟ್ರೆಕಲೋವ್ ಜೊತೆ ಹೊರಟು, ಬಾಹ್ಯಾಕಾಶ ತಲುಪಿದ ಮೊದಲ ಭಾರತೀಯರಾದರು. ಸಲ್ಯೂಟ್-7 ನಿಲ್ದಾಣದಿಂದ ಭಾರತದ ನೆಲದ ಚಿತ್ರಗಳನ್ನು ತೆಗೆದರು. ತೂಕವಿಲ್ಲದ ಸ್ಥಿತಿಯಲ್ಲಿ ದೇಹಕ್ಕೆ ಯೋಗಾಭ್ಯಾಸ ನೆರವಾದೀತೇ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ನಮ್ಮ ಮಟ್ಟಿಗೆ ಈ ಯಾನದ ಅತ್ಯಂತ ಸ್ವಂತಿಕೆಯ ಕೆಲಸವಿದು. ಅಲ್ಲಿನ ಊಟಕ್ಕೆ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ.

ಏಪ್ರಿಲ್ 11ರಂದು ಭೂಮಿಗೆ ಮರಳಿದ ಅವರಿಗೆ ಅಶೋಕ ಚಕ್ರ ಸಂದಿತು. ಮುಂದೆ ವಿಂಗ್ ಕಮಾಂಡರ್ ಆಗಿ ನಿವೃತ್ತರಾದರೂ ಹಾರಾಟ ಬಿಡಲಿಲ್ಲ: ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಆಗಿ ನಾಸಿಕ್, ಬೆಂಗಳೂರುಗಳಲ್ಲಿ ದುಡಿದರು.