ಒರೆಖೊವೊ-ಜುಯೆವೊ ಪಟ್ಟಣದ ಕಾಲ್ಚೆಂಡಾಟದ ಸಂಘ

ಒಂದು ಸಂಸ್ಥೆಯ ಚರಿತ್ರೆಯು ಅದರ ಹೆಸರುಗಳಲ್ಲಿಯೇ ಅಡಗಿರುವುದುಂಟು. ಮಾಸ್ಕೊ ನಗರಕ್ಕೆ ಪೂರ್ವದಲ್ಲಿ ಸುಮಾರು 90 ಕಿಲೋಮೀಟರು ದೂರದಲ್ಲಿ, ಕ್ಲ್ಯಾಜ್ಮಾ ನದಿಯ ತೀರದಲ್ಲಿರುವ ಒರೆಖೊವೊ-ಜುಯೆವೊ ಪಟ್ಟಣದ ಕಾಲ್ಚೆಂಡಾಟದ ಸಂಘವು ಇದಕ್ಕೆ ನಿದರ್ಶನವಾಗಿದೆ. ಮೊರೊಜೊವ್‌ತ್ಸಿ ಎಂದರೆ ‘ಮೊರೊಜೊವನ ಕಡೆಯವರು’, ‘ಒರೆಖೊವೊ ಕ್ರೀಡಾ ಸಂಘ’ವೆಂಬುದು ಊರಿನಿಂದ ಬಂದ ಹೆಸರು, ಜ್ನಾಮ್ಯಾ ತ್ರುದಾ ಎಂದರೆ ‘ಶ್ರಮದ ಪತಾಕೆ’. ಧಣಿ, ಊರು, ದುಡಿಮೆ: ಈ ಮೂರರಲ್ಲಿ ಸಂಘವು ಯಾರದು ಎಂಬುದೇ ಇಲ್ಲಿಯ ವಿಚಾರ.

ಜುಯೆವೊ ಗ್ರಾಮದ ಜೀತದಾಳು ಸವ್ವಾ ವಸಿಲ್ಯೆವಿಚ್ ಮೊರೊಜೊವನು (1770–1860) ನೇಯ್ಗೆಯಿಂದ ಹಣಗೂಡಿಸಿ, 1820 ರಲ್ಲಿ 17,000 ರೂಬಲುಗಳನ್ನು ಒಡೆಯನಿಗೆ ತೆತ್ತು ಬಿಡುಗಡೆ ಪಡೆದನು. ಅವನ ಮಗ ತಿಮೊಫೆಯನ ಕಾಲಕ್ಕೆ ನಿಕೊಲ್‌ಸ್ಕೊಯೆಯ ಗಿರಣಿಯು ರಷ್ಯಾದ ದೊಡ್ಡ ಹತ್ತಿಗಿರಣಿಗಳಲ್ಲೊಂದಾಗಿದ್ದಿತು. ಜೀತದಿಂದ ಬಿಡಿಸಿಕೊಂಡವನ ಮಗನೇ ಕೂಲಿಕಾರರಿಗೆ ಕಠಿನನಾದ ಧಣಿಯಾದನೆಂಬುದು ವಿಧಿವಿಲಾಸ. ಸಣ್ಣ ತಪ್ಪಿಗೂ ಜುಲ್ಮಾನೆ ಬೀಳುತ್ತಿದ್ದಿತು. ಹಲವರ ಕೂಲಿಯಲ್ಲಿ ಕಾಲುಭಾಗವೂ ಅದಕ್ಕೆ ಮಿಕ್ಕೂ ಹೀಗೆ ಕಳೆದುಹೋಗುತ್ತಿದ್ದಿತು. 1885 ನೆಯ ಜನವರಿಯಲ್ಲಿ ಪ್ಯೋತ್ರ್ ಮೊಯ್ಸೆಯೆಂಕೊ ಮತ್ತು ವಸಿಲಿ ವೊಲ್ಕೊವ್ ಎಂಬವರ ಮುಂದಾಳುತನದಲ್ಲಿ ಸುಮಾರು 8,000 ಮಂದಿ ಕೆಲಸ ನಿಲ್ಲಿಸಿದರು. ಸೈನ್ಯವು ಬಂದು ಮುಷ್ಕರವನ್ನು ಮುರಿಯಿತು. ಆದರೆ ಮರುವರ್ಷದ ವಿಚಾರಣೆಯಲ್ಲಿ ಪಂಚರ ಮುಂದಿಟ್ಟ 101 ಪ್ರಶ್ನೆಗಳಿಗೂ ‘ಅಪರಾಧಿಗಳಲ್ಲ’ ಎಂಬ ಒಂದೇ ಉತ್ತರ ಬಂದಿತು. 1886 ನೆಯ ಜೂನ್ 3 ರ ಶಾಸನವು ಜುಲ್ಮಾನೆಗೆ ಮಿತಿಯನ್ನು ವಿಧಿಸಿ, ಆ ಹಣವು ಧಣಿಯ ಬೊಕ್ಕಸಕ್ಕೆ ಸೇರದೆ ಕೂಲಿಕಾರರ ಹಿತಕ್ಕೇ ವಿನಿಯೋಗವಾಗಬೇಕೆಂದು ಕಟ್ಟು ಮಾಡಿತು.

ಆಟವು ಈ ಊರಿಗೆ ಬಂದುದು ಇದಾದ ಬಳಿಕವೇ. ಗಿರಣಿಯ ಯಂತ್ರಗಳು ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಿಂದ ಬಂದಂತೆ ಅವುಗಳನ್ನು ನಡೆಯಿಸತಕ್ಕ ನಿಪುಣರೂ ಅಲ್ಲಿಂದಲೇ ಬಂದರು. ಅವರಲ್ಲಿ ಚಾರ್ನಕ್ ಮನೆತನದವರು ಮುಖ್ಯರು. 1887 ರ ಸುಮಾರಿನಲ್ಲಿ ಈ ಮನೆತನದವರು ಚೆಂಡನ್ನು ತಂದರೆಂದೂ, ತಮ್ಮ ಪ್ರೀತಿಯ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡದ ನೀಲಿ-ಬಿಳಿ ಬಣ್ಣಗಳನ್ನು ಇಲ್ಲಿಯ ಆಟಗಾರರಿಗೆ ತೊಡಿಸಿದರೆಂದೂ ಇಂಗ್ಲಿಷ್ ಬರೆಹಗಾರರು ಹೇಳುತ್ತಾರೆ. ಇದು ಸ್ಮೃತಿಪರಂಪರೆ. ಸಂಘವು ವಿಧಿವತ್ತಾಗಿ ಸ್ಥಾಪಿತವಾದುದು 1909 ರಲ್ಲಿ. ಮೊದಲನೆಯದು ಆಟದ ಆರಂಭಕ್ಕೆ ಸಂಬಂಧಿಸಿದುದು, ಎರಡನೆಯದು ಸಂಸ್ಥೆಯ ಜನ್ಮಕ್ಕೆ ಸಂಬಂಧಿಸಿದುದು. ವಿಷಯಭೇದವಿರುವುದರಿಂದ ಇವೆರಡಕ್ಕೂ ವಿರೋಧವಿಲ್ಲ. ವಿರೋಧವು ತೋರುವುದು ಎರಡನ್ನೂ ಒಂದೆಂದು ಭ್ರಮಿಸಿದಾಗ ಮಾತ್ರ.

ಸಂಘದ ಉನ್ನತಿಯು ಶೀಘ್ರವಾಗಿ ಬಂದಿತು. ಒರೆಖೊವೊ ಆಗ ವ್ಲದೀಮಿರ್ ಪ್ರಾಂತಕ್ಕೆ ಸೇರಿದ್ದಿತು. ಆದರೂ ಅದರ ತಂಡವು ಮಾಸ್ಕೊ ಕೂಟದಲ್ಲಿ ಆಡಿ 1910 ರಿಂದ 1913 ರವರೆಗೆ ನಾಲ್ಕು ವರ್ಷ ಎಡೆಬಿಡದೆ ಪ್ರಶಸ್ತಿಯನ್ನು ಗೆದ್ದುಕೊಂಡಿತು. ರಾಜಧಾನಿಯಷ್ಟೇ ಗರ್ವವುಳ್ಳ ಮಹಾನಗರವನ್ನು ಗಿರಣಿಯ ಹಳ್ಳಿಯೊಂದು ಸೋಲಿಸಿದುದು ಸಾಮಾನ್ಯ ಸಂಗತಿಯಲ್ಲ. 1912 ರಲ್ಲಿ ಮಾಸ್ಕೊವಿನ ಬ್ರಿಟಿಷ್ ಉಪಕಾನ್ಸಲನಾಗಿ ಬಂದ ರಾಬರ್ಟ್ ಬ್ರೂಸ್ ಲಾಕ್‌ಹಾರ್ಟನೂ ಈ ತಂಡದಲ್ಲಿ ಆಡಿದನು.

ಈ ಲಾಕ್‌ಹಾರ್ಟನು 1932 ರಲ್ಲಿ ಪ್ರಕಟಿಸಿದ ಆತ್ಮವೃತ್ತಾಂತವೇ ಚಾರ್ನಕರ ಕೀರ್ತಿಗೆ ಮುಖ್ಯಾಧಾರ. ವೋಡ್ಕಾ ಮದ್ಯದ ಚಟಕ್ಕೂ ರಾಜಕೀಯ ಕ್ಷೋಭೆಗೂ ಆಟವು ಮದ್ದಾಯಿತೆಂದೂ, ಈ ಪದ್ಧತಿಯು ಬೇರೆ ಗಿರಣಿಗಳಿಗೂ ಬೇಗ ಹಬ್ಬಿದ್ದರೆ ರಷ್ಯದ ಕೂಲಿಕಾರರ ಸ್ವಭಾವದ ಮೇಲೆ ಅದರ ಪರಿಣಾಮವು ದೂರಗಾಮಿಯಾಗಬಹುದಾಗಿದ್ದಿತೆಂದೂ ಅವನ ಅಭಿಪ್ರಾಯ. ಇದು ಪರೀಕ್ಷಾರ್ಹವಾದುದು. ಆಟವು ಕೂಲಿಕಾರರ ವಿರಾಮಕ್ಕೆ ಒಂದು ಸೊಗಸನ್ನು ತಂದಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕ್ಷೋಭೆಗೆ ಮೂಲವು ವಿರಾಮದ ಅಭಾವವಲ್ಲ, ಜುಲ್ಮಾನೆಯ ಲೆಕ್ಕದ ಪುಸ್ತಕ. ಆ ಪುಸ್ತಕಕ್ಕೆ ಕಡಿವಾಣ ಹಾಕಿದುದು ಚೆಂಡಲ್ಲ, 1885 ರ ಮುಷ್ಕರ. ಹಸಿದವನಿಗೆ ಹಾಡು ಹಿತವಾಗಬಹುದು. ಆದರೆ ಹಾಡೇ ಅನ್ನವೆಂದು ವಾದಿಸುವುದು ನ್ಯಾಯವಲ್ಲ. ನಾಲ್ಕು ಸಲ ಗೆದ್ದ ಈ ಊರೇ 1917 ರ ಕ್ರಾಂತಿಯಲ್ಲಿ ಹಿಂದುಳಿಯಲಿಲ್ಲವೆಂಬುದು ಲಾಕ್‌ಹಾರ್ಟನ ಅನುಮಾನಕ್ಕೆ ಬಾಧಕವಾದ ದೃಷ್ಟಾಂತ.

ಇನ್ನೊಂದು ವಾದವೂ ವಿಚಾರಣೀಯವಾಗಿದೆ. ಮಾಸ್ಕೊವಿನ ಪ್ರಸಿದ್ಧ ಡೈನಮೊ ಸಂಘವು ನೀಲಿ-ಬಿಳಿ ಬಣ್ಣಗಳನ್ನು ಧರಿಸುವುದರಿಂದ ಅದು ಮೊರೊಜೊವ್‌ತ್ಸಿಯ ಸಂತತಿಯೆಂದು ಕೆಲವರು ಬರೆದಿದ್ದಾರೆ. ಡೈನಮೊ ಸ್ಥಾಪಿತವಾದುದು 1923 ರಲ್ಲಿ, ಪೊಲೀಸು ಇಲಾಖೆಯ ಆಶ್ರಯದಲ್ಲಿ. ತನ್ನ ಬಣ್ಣಗಳಿಗೆ ಅದು ನೀರು ಮತ್ತು ಗಾಳಿಯೆಂಬ ಅರ್ಥವನ್ನು ಹೇಳಿಕೊಳ್ಳುತ್ತದೆ. ಬಣ್ಣದ ಸಾದೃಶ್ಯವೊಂದರಿಂದಲೇ ವಂಶವನ್ನು ಸಾಧಿಸುವುದಾದರೆ ಲಿಪಿಯ ಹೋಲಿಕೆಯಿಂದ ಎರಡು ಶಾಸನಗಳನ್ನು ಒಬ್ಬನೇ ದೊರೆಯವೆಂದಂತಾಗುವುದು. ಮೇಲಾಗಿ ಹಳೆಯ ಸಂಘವು ನಾಶವಾಗಿರಲಿಲ್ಲ. ತನ್ನ ಊರಿನಲ್ಲಿಯೇ ಹೆಸರುಗಳನ್ನು ಬದಲಿಸುತ್ತ ಬದುಕಿದ್ದಿತು. ಔರಸನು ಮನೆಯಲ್ಲಿರುವಾಗ ವಾರಸುದಾರನನ್ನು ಪರಸ್ಥಳದಲ್ಲಿ ಹುಡುಕುವುದೇಕೆ?

ಒರೆಖೊವೊ, ಜುಯೆವೊ, ನಿಕೊಲ್‌ಸ್ಕೊಯೆ ಎಂಬ ಮೂರು ಊರುಗಳೂ 1917 ರಲ್ಲಿ ಕೂಡಿ ಒಂದೇ ಪಟ್ಟಣವಾದುವು. ಗಿರಣಿಗಳು ರಾಷ್ಟ್ರದ ಸ್ವತ್ತಾದುವು. ಧಣಿಯ ಹೆಸರು ಅಳಿಯಿತು. ಕಡೆಗೆ ‘ಶ್ರಮದ ಪತಾಕೆ’ ನಿಂತಿತು. ಆ ಹೆಸರಿನಿಂದಲೇ 1962 ರಲ್ಲಿ ಈ ಸಂಘವು, ಮೇಲಿನ ಶ್ರೇಣಿಗೆ ಸೇರದಿದ್ದರೂ, ಸೋವಿಯತ್ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿತು. ಮಾಸ್ಕೊವಿನಲ್ಲಿ ನಡೆದ ಆ ಪಂದ್ಯದಲ್ಲಿ ದೊನೆತ್ಸ್ಕಿನ ಶಖ್ತ್ಯೋರ್ ತಂಡವು ಎರಡು ಗೋಲುಗಳಿಂದ ಗೆದ್ದಿತು. ಶಖ್ತ್ಯೋರ್ ಎಂದರೆ ಗಣಿಗಾರ. ನೆಯ್ಗೆಯ ಊರು ಗಣಿಯ ಊರಿಗೆ ಸೋತಿತು. ಆ ದಿನ ಅಂಗಣದಲ್ಲಿ ಯಾವ ಧಣಿಯ ಹೆಸರೂ ಇರಲಿಲ್ಲ. ಬಳಿಕ ಅಂತಹ ಎತ್ತರವು ಸಂಘಕ್ಕೆ ದೊರೆಯಲಿಲ್ಲ.

ಒಟ್ಟಿನಲ್ಲಿ, ಆಟದ ಬೀಜವನ್ನು ಪರದೇಶದವರು ಬಿತ್ತಿದರು, ಗೊಬ್ಬರವನ್ನು ಧಣಿಯು ಕೊಟ್ಟನು, ಇವೆರಡನ್ನೂ ಒಪ್ಪಲೇಬೇಕು. ಆದರೆ ಚಾರ್ನಕರು ಹೋದ ಮೇಲೆಯೂ, ಮೊರೊಜೊವರು ಹೋದ ಮೇಲೆಯೂ ಬೆಳೆಯನ್ನು ಒಣಗಗೊಡದೆ ಕಾದವರು ಆ ಊರಿನ ಗಿರಣಿಯ ಜನ. ಆದುದರಿಂದ ಮೂರು ಹೆಸರುಗಳಲ್ಲಿ ಕೊನೆಯದೇ ಅನ್ವರ್ಥವಾದುದೆಂದು ತಿಳಿಯುವುದು ಯುಕ್ತವಾಗಿದೆ.